ಅಕ್ಕಿ ಹೊತ್ತ ದೋಣಿ ಹೋಟೆಲ್ ಆದಾಗ: ತೂಕ ಎಲ್ಲಿ ಕೂತಿದೆ ನೋಡ್ರಿ

ಹೋದ ಸೆಮಿಸ್ಟರ್ ರಜೆಯಲ್ಲಿ ನಾವು ಎಂಟು ಮಂದಿ ಗೆಳೆಯರು ಹುಬ್ಬಳ್ಳಿಯಿಂದ ಮಂಗಳೂರಿಗೆ ಹೋಗಿ, ಅಲ್ಲಿಂದ ರೈಲು ಹಿಡಿದು ಕಾಸರಗೋಡು ಜಿಲ್ಲೆಯ ನೀಲೇಶ್ವರದಲ್ಲಿ ಇಳಿದೆವು. ವಲಿಯಪರಂಬ ಹಿನ್ನೀರಿನ ಹೌಸ್‌ಬೋಟ್‌ನಲ್ಲಿ ಒಂದು ರಾತ್ರಿ ಉಳಿಯೋ ಪ್ಲ್ಯಾನ್. ಈ ದೋಣಿಗೆ 'ಕೆಟ್ಟುವಳ್ಳಂ' ಅಂತಾರೆ ಎಂದು ಕೇಳಿದ ಕೂಡಲೇ ನಮ್ಮ ಸಿವಿಲ್ ಬ್ರಾಂಚಿನ ಗೆಳೆಯ, "ಯಪ್ಪಾ, ಹೆಸರಿನ್ಯಾಗ ಕೆಟ್ಟದ್ದು ಅಂತ ಐತಲೇ, ನಾ ಹತ್ತಂಗಿಲ್ಲ" ಅಂದ. ಆಮೇಲೆ ಗೊತ್ತಾಯಿತು: ಮಲಯಾಳದ 'ಕೆಟ್ಟು' ನಮ್ಮ 'ಕಟ್ಟು'. ವಳ್ಳಂ ಅಂದರೆ ದೋಣಿ. ಅಂದರೆ, ಕಟ್ಟಿದ ದೋಣಿ.

ಸಂಜೆ ಸೂರ್ಯ ಮುಳುಗೋ ಹೊತ್ತಿಗೆ ಎಂಟೂ ಮಂದಿ ಸೆಲ್ಫಿಗಾಗಿ ಎಡಗಡೆ ಅಂಚಿಗೆ ಬಂದು ನಿಂತೆವು. ಮೇಜಿನ ಮೇಲಿದ್ದ ಪೆನ್ನು ಉರುಳಿ ಕೆಳಗೆ ಬಿತ್ತು. ದೋಣಿ ನಡೆಸುವವರು ಜೋರಾಗಿ ಕೂಗಿ, ನಾಲ್ಕು ಮಂದಿ ಆ ಕಡೆ ಹೋಗಿ ಅಂತ ಕೈ ಮಾಡಿದರು. ಭಯವೇನೂ ಆಗಲಿಲ್ಲ. ಆದರೆ ತಲೆಯಲ್ಲಿ ಒಂದು ಪ್ರಶ್ನೆ ಕೂತುಬಿಟ್ಟಿತು: ಟನ್‌ಗಟ್ಟಲೆ ಅಕ್ಕಿ ಹೊರುತ್ತಿದ್ದ ಜಾತಿಯ ದೋಣಿ ಎಂಟು ಮಂದಿಗೆ ವಾಲೋದು ಹೆಂಗ? ಫ್ಲೂಯಿಡ್ ಮೆಕ್ಯಾನಿಕ್ಸ್ ಓದಿದವರು ನಾವು, ಉತ್ತರ ಹುಡುಕೋಣ ಬರ್ರಿ.

ಮೊಳೆಯಿಲ್ಲದ ದೋಣಿ

ಹಳೇ ಕೆಟ್ಟುವಳ್ಳಂಗೆ ಕಬ್ಬಿಣದ ಮೊಳೆ ಇಲ್ಲ. ಹೆಬ್ಬಲಸಿನ ಹಲಗೆಗಳ ಅಂಚಿನಲ್ಲಿ ತೂತು ಕೊರೆದು, ತೆಂಗಿನ ನಾರಿನ ಹಗ್ಗದಿಂದ ಒಂದಕ್ಕೊಂದು ಹೊಲಿಯುತ್ತಾರೆ. ಸಂದಿಯಲ್ಲಿ ನಾರು ತುಂಬುತ್ತಾರೆ. ಮೇಲೆ ಗೇರುಬೀಜದ ಸಿಪ್ಪೆಯಿಂದ ತೆಗೆದ ಕಪ್ಪು ಎಣ್ಣೆ ಬಳಿಯುತ್ತಾರೆ. ಉಪ್ಪುನೀರಿನಲ್ಲಿ ಮೊಳೆ ತುಕ್ಕು ಹಿಡಿಯುತ್ತದೆ, ಹಗ್ಗಕ್ಕೆ ಆ ಚಿಂತೆ ಇಲ್ಲ. ಏಟು ಬಿದ್ದಾಗ ಹೊಲಿಗೆ ಸ್ವಲ್ಪ ಬಾಗಿ ತಡೆದುಕೊಳ್ಳುತ್ತದೆ. 14ನೇ ಶತಮಾನದಲ್ಲಿ ನಮ್ಮ ಹೊನ್ನಾವರಕ್ಕೂ ಬಂದುಹೋದ ಇಬ್ನ್ ಬತೂತ ಹೊಲಿದ ಹಡಗುಗಳ ಈ ಗುಣವನ್ನೇ ಬರೆದಿಟ್ಟಿದ್ದಾನೆ.

ಕುಟ್ಟನಾಡಿನ ಅಕ್ಕಿ, ಮಸಾಲೆ ಪದಾರ್ಥಗಳು ಈ ದೋಣಿಗಳಲ್ಲೇ ಕೊಚ್ಚಿ ಬಂದರಿಗೆ ಹೋಗುತ್ತಿದ್ದವು. ರಸ್ತೆ, ಸೇತುವೆ, ಲಾರಿ ಬಂದ ಮೇಲೆ ದೋಣಿಗಳಿಗೆ ಕೆಲಸ ಹೋಯಿತು. 1990ರ ದಶಕದಲ್ಲಿ ಅವುಗಳ ಮೇಲೆ ಬಿದಿರು-ಚಾಪೆಯ ಮಾಡು ಕಟ್ಟಿ, ಕೋಣೆ ಮಾಡಿ, ಪ್ರವಾಸಿಗರನ್ನು ಕೂರಿಸುವುದು ಜೋರಾಯಿತು. ಇವತ್ತಿನ ಬಹಳಷ್ಟು ಹೌಸ್‌ಬೋಟ್‌ಗಳು ಅಕ್ಕಿ ಹೊತ್ತವಲ್ಲ, ಹೋಟೆಲ್ ಆಗಲೆಂದೇ ಹುಟ್ಟಿದವು. ಆದರೆ ಆಕಾರ ಮಾತ್ರ ಆ ಅಜ್ಜಂದೇ.

ಲೆಕ್ಕ 1: ಮುಳುಗುವ ಭಯ ಇದೆಯೇ?

ಒಂದು ಕಾಲ್ಪನಿಕ ದೋಣಿ ತಗೊಳ್ಳೋಣ. ಉದ್ದ 20 ಮೀ., ಅಗಲ 4 ಮೀ. ಎರಡೂ ತುದಿ ಚೂಪು, ಆದ್ದರಿಂದ ನೀರಿನ ಮಟ್ಟದಲ್ಲಿ ಅದರ ವಿಸ್ತೀರ್ಣ ಆಯತದ 70% ಎಂದು ಹಿಡಿಯೋಣ: 56 ಚ.ಮೀ. ದೋಣಿ 1 ಸೆಂ.ಮೀ. ಕೆಳಗೆ ಇಳಿದರೆ 0.56 ಘನ ಮೀಟರ್ ನೀರು ಪಕ್ಕಕ್ಕೆ ಸರಿಯುತ್ತದೆ, ಅಂದರೆ 560 ಕೆ.ಜಿ. ತಲಾ 70 ಕೆ.ಜಿ.ಯ ನಾವು ಎಂಟು ಮಂದಿ ಸರಿಯಾಗಿ 560 ಕೆ.ಜಿ.! ನಾವೆಲ್ಲ ಹತ್ತಿದರೆ ದೋಣಿ ಇಳಿಯೋದು ಒಂದೇ ಸೆಂಟಿಮೀಟರ್. ಅಂದಮೇಲೆ ತೂಕ ಎಷ್ಟು ಅನ್ನೋದು ಇಲ್ಲಿ ದೊಡ್ಡ ಪ್ರಶ್ನೆ ಅಲ್ಲ.

ಲೆಕ್ಕ 2: ತೂಕ ಎಲ್ಲಿದೆ?

ಖಾಲಿ ದೋಣಿ 15 ಟನ್, ಅದರ ಗುರುತ್ವ ಕೇಂದ್ರ ತಳದಿಂದ 0.7 ಮೀ. ಮೇಲೆ ಇರಲಿ. ತಳದಲ್ಲಿ 20 ಟನ್ ಅಕ್ಕಿಮೂಟೆ, ಎತ್ತರ 0.6 ಮೀ. ಒಟ್ಟು ಗುರುತ್ವ ಕೇಂದ್ರ: (10.5 + 12) ÷ 35 = 0.64 ಮೀ.

ಈಗ ಅಕ್ಕಿ ಇಳಿಸಿ, ಹೋಟೆಲ್ ಹತ್ತಿಸೋಣ. ಮಾಡು, ಗೋಡೆ, ಮಂಚ, ನೀರಿನ ಟ್ಯಾಂಕ್, ಜನರೇಟರ್ ಎಲ್ಲ ಸೇರಿ 10 ಟನ್, ಸರಾಸರಿ ಎತ್ತರ 2.2 ಮೀ. ಆಗ (10.5 + 22) ÷ 25 = 1.3 ಮೀ. ಒಟ್ಟು ತೂಕ 10 ಟನ್ ಕಡಿಮೆಯಾಯಿತು, ಗುರುತ್ವ ಕೇಂದ್ರ ಮಾತ್ರ ಎರಡು ಪಟ್ಟು ಮೇಲೇರಿತು! ಇನ್ನು ಮೇಲೊಂದು ಅಟ್ಟ ಹಾಕಿ, 4 ಮೀ. ಎತ್ತರದಲ್ಲಿ 20 ಮಂದಿಯನ್ನು (1.4 ಟನ್) ನಿಲ್ಲಿಸಿದರೆ 1.44 ಮೀ.

ಲೆಕ್ಕ 3: ಅಗಲದ ಮಹಿಮೆ

ದೋಣಿ ವಾಲಿದ ಮೇಲೆ ನೆಟ್ಟಗಾಗಬೇಕಾದರೆ ಮೆಟಾಸೆಂಟರ್ ಗುರುತ್ವ ಕೇಂದ್ರಕ್ಕಿಂತ ಮೇಲಿರಬೇಕು. ಮೆಟಾಸೆಂಟರ್ ಎಷ್ಟು ಮೇಲಿದೆ ಅನ್ನೋದು ಮುಖ್ಯವಾಗಿ ಅಗಲದ ಘನವನ್ನು ಅವಲಂಬಿಸಿದೆ. ನಮ್ಮ 4 ಮೀ. ಅಗಲದ ದೋಣಿಗೆ, ಅಟ್ಟದ ಮೇಲೆ 20 ಮಂದಿ ಇದ್ದಾಗ, ಅದು ತಳದಿಂದ ಸುಮಾರು 2.3 ಮೀ.ನಲ್ಲಿ ಬರುತ್ತದೆ. 1.44 ಕಳೆದರೆ ಸುಮಾರು 0.9 ಮೀ. ಉಳಿಯಿತು. ಆ 20 ಮಂದಿ ಒಟ್ಟಿಗೇ 1.5 ಮೀ. ಪಕ್ಕಕ್ಕೆ ಸರಿದರೆ ದೋಣಿ 5 ಡಿಗ್ರಿ ವಾಲಿ, ಅಂಚು ಸುಮಾರು 18 ಸೆಂ.ಮೀ. ನೀರಿನ ಕಡೆ ಇಳಿಯುತ್ತದೆ. ಅಟ್ಟವಿಲ್ಲದ ದೋಣಿಯಲ್ಲಿ ನಮ್ಮ ಎಂಟು ಮಂದಿಯ ಸೆಲ್ಫಿಗೆ ಸುಮಾರು 6 ಸೆಂ.ಮೀ. ಪೆನ್ನು ಉರುಳೋಕೆ ಅಷ್ಟು ಸಾಕು.

ಈಗ ಉಳಿದದ್ದೆಲ್ಲ ಹಾಗೇ ಇಟ್ಟು, ಅಗಲ ಮಾತ್ರ 3 ಮೀ. ಮಾಡಿ. ಮೆಟಾಸೆಂಟರ್ 1.3 ಮೀ.ಗೆ ಇಳಿಯುತ್ತದೆ. ಗುರುತ್ವ ಕೇಂದ್ರ 1.44ರಲ್ಲಿದೆ. ಇನ್ನು ಆ ದೋಣಿ ನೆಟ್ಟಗೆ ನಿಲ್ಲಂಗಿಲ್ಲ. ಒಂದೇ ಒಂದು ಮೀಟರ್ ಅಗಲದ ಫರಕು!

ಪುಸ್ತಕದ ಹೊರಗೆ

ಇದು ಬರೀ ಪರೀಕ್ಷೆಯ ಲೆಕ್ಕ ಅಲ್ಲ. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ, ಮೀನು ಹಿಡಿಯುವ ದೋಣಿಯನ್ನು ಬದಲಿಸಿ ಮಾಡಿದ್ದ ಎರಡಂತಸ್ತಿನ ಪ್ರವಾಸಿ ಬೋಟ್, ಮಿತಿ ಮೀರಿ ಜನ ತುಂಬಿಕೊಂಡು ಹೋಗಿ ಮಗುಚಿತು. 22 ಮಂದಿ ಸತ್ತರು. ದೋಣಿ ಮಗುಚುವ ನೋವು ನಮ್ಮ ಕಡೆಗೂ ಹೊಸದಲ್ಲ. 2019ರ ಜನವರಿ 21ರಂದು ಕೂರ್ಮಗಡ ಜಾತ್ರೆಯಿಂದ ಕಾರವಾರಕ್ಕೆ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ತೀರಿಕೊಂಡರು. ಅವರಲ್ಲಿ ನಮ್ಮ ಪಕ್ಕದ ಹಾವೇರಿ ಜಿಲ್ಲೆಯವರೂ ಇದ್ದರು.

ಹಾಗಂತ ಹಳೇ ದೋಣಿಗಳನ್ನು ಮುಟ್ಟಲೇಬಾರದು ಅಂತ ಅಲ್ಲ. ಹೋಟೆಲ್ ಆಗದಿದ್ದರೆ ಕೆಟ್ಟುವಳ್ಳಂ ಹೊಲಿಯುವ ಕೈಗಳಿಗೆ ಕೆಲಸವೇ ಇರುತ್ತಿರಲಿಲ್ಲ. ಆ ವಿದ್ಯೆ ಉಳಿದದ್ದರ ಫಲವನ್ನು ಕಾರವಾರದಲ್ಲಿ ಕಂಡಿದ್ದೇವೆ. ಅಜಂತಾದ ಒಂದು ಚಿತ್ರ ನೋಡಿ, ಕೇರಳದ ಕುಶಲಕರ್ಮಿಗಳು ಹಗ್ಗದಿಂದ ಹೊಲಿದ ಹಡಗು 'ಐಎನ್‌ಎಸ್‌ವಿ ಕೌಂಡಿನ್ಯ' 2025ರ ಮೇ 21ರಂದು ಅಲ್ಲೇ ನೌಕಾಪಡೆಗೆ ಸೇರಿತು. ಹೊಲಿಗೆ ಹಳೆಯದು, ಆದರೆ ನೌಕಾಪಡೆ ಹಳೆಯದೆಂಬ ನಂಬಿಕೆಯ ಮೇಲೇ ಕೂರಲಿಲ್ಲ. ಅದರ ಮಾದರಿಯನ್ನು ಮದ್ರಾಸ್ ಐಐಟಿಯಲ್ಲಿ ನೀರಿನಲ್ಲಿ ಪರೀಕ್ಷಿಸಿದರು. ಹೋಟೆಲ್ ಆಗುವ ದೋಣಿಗೂ ಇದೇ ಕ್ರಮ ಬೇಕು. ಹಿಂದಿನವರು ಅಕ್ಕಿಯನ್ನು ತಳದಲ್ಲಿಟ್ಟು ದೋಣಿ ರೂಪಿಸಿದ್ದರು. ನಾವು ತೂಕವನ್ನು ಮೇಲಕ್ಕೆ ಸಾಗಿಸಿದರೆ, ಹೊಸ ಲೆಕ್ಕ ಹಾಕೋದು ನಮ್ಮ ಜವಾಬ್ದಾರಿ.

ಮುಂದಿನ ಸಲ ಹೌಸ್‌ಬೋಟ್‌ನಲ್ಲಿರಲಿ, ಉಣಕಲ್ ಕೆರೆಯಲ್ಲಿರಲಿ, ದೋಣಿ ಹತ್ತಿದಾಗ ಲೈಫ್ ಜಾಕೆಟ್ ಹಾಕ್ಕೊಳ್ರಿ. ಎಷ್ಟು ಮಂದಿಗೆ ಪರವಾನಗಿ ಇದೆ ಅಂತ ಬೋರ್ಡ್ ಓದ್ರಿ. ಸೆಲ್ಫಿಗೆ ಎಲ್ಲರೂ ಒಂದೇ ಕಡೆ ಓಡಬ್ಯಾಡ್ರಿ. ದೋಣಿ ನಡೆಸುವವರು ಕೂಗಿದರೆ ಸಿಟ್ಟಾಗಬ್ಯಾಡ್ರಿ, ಅವರು ಕಾಲೇಜಿಗೆ ಹೋಗದೇ ಮೆಟಾಸೆಂಟರ್ ಕಲಿತವರು.

ನಿಮಗೊಂದು ಅಭ್ಯಾಸ: ಅಟ್ಟದ ಮೇಲಿನ ಆ 20 ಮಂದಿಯನ್ನು ಕೆಳಗಿಳಿಸಿ, 1.2 ಮೀ. ಎತ್ತರದಲ್ಲಿ ಕೂರಿಸಿ. ಗುರುತ್ವ ಕೇಂದ್ರ ಎಷ್ಟಾಯಿತು? 1.29 ಮೀ. ಬಂದರೆ ನಿಮ್ಮ ಲೆಕ್ಕ ಸರಿ. ಅವರು ಹತ್ತೋದಕ್ಕೂ ಮುಂಚೆ ಅದು 1.3 ಇತ್ತು ಅನ್ನೋದನ್ನೂ ನೆನಪಿಟ್ಟುಕೊಳ್ರಿ.