ತುದಿ ಮುಟ್ಟಿದರೆ ಅರ್ಧ ದಾರಿ

ಕುದುರೆಮುಖ ಹತ್ತಲು ಹೊರಟಿದ್ದೀರಾ? ಸಂತೋಷ, ಹೋಗಿ ಬನ್ನಿ. ಹೊರಡುವ ಮುನ್ನ ಒಂದು ಮಾತು ಕೇಳಿ. ಸುಮಾರು 1,890 ಮೀಟರ್ ಎತ್ತರದ ಆ ತುದಿ ಮುಟ್ಟಿದರೆ ಚಾರಣ ಮುಗಿಯಿತೆಂದು ಬಹಳ ಜನ ತಿಳಿಯುತ್ತಾರೆ. ಮುಗಿದಿರುವುದಿಲ್ಲ. ಚಾರಣ ಶುರುವಾಗುವ ಮುಳ್ಳೋಡಿಯಿಂದ ಹೋಗಿಬರುವ ದಾರಿ ಹತ್ತಿರ ಹತ್ತಿರ 20 ಕಿಲೋಮೀಟರ್. ಸೋತ ಮೊಣಕಾಲು, ಜಾರುವ ಮಣ್ಣು, ಮಧ್ಯಾಹ್ನದ ಮಳೆ ಎಲ್ಲವೂ ಕಾದು ಕೂತಿರುವುದು ಇಳಿಯುವಾಗಲೇ.

ಬೆಳಿಗ್ಗೆ ಕಾಡಿನೊಳಗೆ ಬಿಟ್ಟ ಕೂಡಲೇ ಹೆಜ್ಜೆ ಹಾಕಿ. ಎಷ್ಟು ಗಂಟೆಗೆ ಹಿಂದಿರುಗಬೇಕೆಂದು ಮೊದಲೇ ನಿಶ್ಚಯಿಸಿಕೊಳ್ಳಿ. ಆ ಹೊತ್ತಾಯಿತೋ, ತುದಿ ಕಣ್ಣೆದುರೇ ಇದ್ದರೂ ತಿರುಗಿಬಿಡಿ. ಹುಲ್ಲುಗುಡ್ಡದ ಮೇಲೆ ಇನ್ನೂ ಬೆಳಕಿರುವಾಗಲೇ ಶೋಲಾ ಕಾಡಿನೊಳಗೆ ಕತ್ತಲು ಕೂತಿರುತ್ತದೆ. ಮಂಜು ಕವಿದರಂತೂ ಹತ್ತು ಮಾರಿನಾಚೆ ದಾರಿಯೇ ಕಾಣದು. ಅಂಥ ಹೊತ್ತಿನಲ್ಲಿ ಮಾರ್ಗದರ್ಶಿಯನ್ನು ಬಿಟ್ಟು ಫೋಟೋಗೆಂದು ಅಂಚಿಗೆ ಓಡಬೇಡಿ, ದಯವಿಟ್ಟು.

ಅರಣ್ಯ ಇಲಾಖೆಯ ಅನುಮತಿಯನ್ನು ಮುಂಚೆಯೇ ಪಡೆಯಿರಿ. ದಿನಕ್ಕೆ ಇಷ್ಟೇ ಜನ ಎಂಬ ಮಿತಿಯಿದೆ.

ಮಳೆಗಾಲದಲ್ಲಿ ಇಂಬಳ ಕಚ್ಚದೆ ಬಿಡುವುದಿಲ್ಲ. ಗಾಬರಿ ಬೇಡ. ಎಳೆದು ಕೀಳಬೇಡಿ, ಉಗುರಿನಿಂದ ಮೆಲ್ಲಗೆ ಪಕ್ಕಕ್ಕೆ ಸರಿಸಿ. ಅದರ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡದು, ಹಾಗಾಗಿ ಸ್ವಲ್ಪ ಹೊತ್ತು ಸೋರುತ್ತದೆ, ಅಷ್ಟೇ. ತೊಳೆದು ಬಟ್ಟೆ ಒತ್ತಿ ಹಿಡಿಯಿರಿ.

ಚಾಕಲೇಟಿನ ಕಾಗದವೂ ನಿಮ್ಮ ಜೇಬಿನಲ್ಲೇ ವಾಪಸು ಬರಲಿ. ಆ ಕಾಡು ಸಿಂಗಳೀಕಗಳ ಮನೆ. ಕೆಳಗಿಳಿದು ಸಿಗ್ನಲ್ ಸಿಕ್ಕ ಕೂಡಲೇ ಮನೆಗೊಂದು ಫೋನ್ ಮಾಡಿ, ಅಮ್ಮ ಕಾಯುತ್ತಿರುತ್ತಾರೆ.