ಶಾಲೆಯ ಸೂಚನೆ ಮನೆ ತಲುಪುವ ಬಗೆ

ಪ್ರಾಥಮಿಕ ಶಾಲೆಯಿಂದ ಪಾಲಕರಿಗೆ ವರ್ಷವಿಡೀ ಹತ್ತಾರು ಸೂಚನೆಗಳು ಹೊರಡುತ್ತವೆ. ದಾಖಲಾತಿಯ ಅವಧಿ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆ, ಜಂತುಹುಳು ನಿವಾರಣಾ ಮಾತ್ರೆ ನೀಡುವ ದಿನ, ವಿದ್ಯಾರ್ಥಿವೇತನಕ್ಕೆ ಬೇಕಾದ ದಾಖಲೆ, ರಜೆ ಮುಗಿದು ಶಾಲೆ ಮರಳಿ ತೆರೆಯುವ ದಿನಾಂಕ ಇವೆಲ್ಲ ಸೂಚನಾ ಫಲಕದ ಮೇಲೆ ಕಾಣಿಸಿಕೊಳ್ಳುತ್ತವೆ. ಈಚೆಗೆ ವಾಟ್ಸ್‌ಆ್ಯಪ್ ಗುಂಪಿನಲ್ಲಿಯೂ ಬರುತ್ತವೆ. ಸೂಚನೆ ಹೊರಟಿತೆಂಬುದಕ್ಕೆ ಶಾಲೆಯಲ್ಲಿ ದಾಖಲೆಯಿರುತ್ತದೆ. ತಲುಪಿತೇ ಎಂದು ವಿಚಾರಿಸುವವರು ವಿರಳ. ಮನೆಯ ಒಂದೇ ಮೊಬೈಲ್ ತಂದೆಯ ಜೇಬಿನಲ್ಲಿ ಕೆಲಸದ ಸ್ಥಳಕ್ಕೆ ಹೋಗಿರುತ್ತದೆ, ತಾಯಿ ಬೆಳಗ್ಗೆಯೇ ಕೂಲಿಗೆ ತೆರಳಿರುತ್ತಾಳೆ, ಮಗುವನ್ನು ನೋಡಿಕೊಳ್ಳುವ ಅಜ್ಜಿಗೆ ಅಕ್ಷರ ಬಾರದು. ಇಂತಹ ಮನೆ ಯಾವ ಊರಿನಲ್ಲಿಯೂ ಅಪರೂಪವಲ್ಲ.

ಇದು ಮುಖ್ಯೋಪಾಧ್ಯಾಯರೊಬ್ಬರ ಹೊಣೆಯೆಂದು ಭಾವಿಸುವ ರೂಢಿಯಿದೆ. ಕಾನೂನು ಹಾಗೆ ಹೇಳುವುದಿಲ್ಲ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಅಧಿನಿಯಮದ 9ನೇ ಪ್ರಕರಣವು ಪಂಚಾಯಿತಿಗಳೂ ಒಳಗೊಂಡಂತೆ ಸ್ಥಳೀಯ ಪ್ರಾಧಿಕಾರಗಳ ಕರ್ತವ್ಯಗಳನ್ನು ನಿರೂಪಿಸಿದೆ. ತನ್ನ ವ್ಯಾಪ್ತಿಯಲ್ಲಿ ವಾಸಿಸುವ 14 ವರ್ಷದವರೆಗಿನ ಮಕ್ಕಳ ದಾಖಲೆಯನ್ನು ನಿರ್ವಹಿಸುವುದು, ಅವರ ದಾಖಲಾತಿ ಹಾಗೂ ಹಾಜರಾತಿಯ ಮೇಲೆ ನಿಗಾ ಇಡುವುದು, ವಲಸೆ ಕುಟುಂಬಗಳ ಮಕ್ಕಳಿಗೆ ಪ್ರವೇಶ ದೊರಕಿಸುವುದು ಅವುಗಳಲ್ಲಿ ಸೇರಿವೆ. ಯಾವ ಮನೆಯಲ್ಲಿ ಯಾವ ಮಗುವಿದೆ ಎಂಬುದನ್ನು ತನ್ನ ವಾರ್ಡಿನ ಮಟ್ಟಿಗೆ ಸದಸ್ಯನಷ್ಟು ಚೆನ್ನಾಗಿ ಬಲ್ಲವರು ಬೇರೆ ಯಾರೂ ಇರಲಾರರು.

ಸೂಚನೆ ತಲುಪದಿದ್ದರೆ ಹೆಚ್ಚಿನ ಪೆಟ್ಟು ಬೀಳುವುದು ವಲಸೆ ಹೋಗುವ ಕುಟುಂಬಕ್ಕೆ. ಕಲ್ಯಾಣ ಕರ್ನಾಟಕದ ಹಲವು ತಾಲ್ಲೂಕುಗಳಿಂದ ಬೆಂಗಳೂರು, ಪುಣೆ, ಮುಂಬಯಿಗಳ ಕಟ್ಟಡ ಕೆಲಸಕ್ಕೆ ತೆರಳುವವರಿದ್ದಾರೆ. ಕಬ್ಬು ಕಟಾವಿಗೂ ಇಟ್ಟಿಗೆ ಗೂಡುಗಳಿಗೂ ಗುಂಪು ಗುಂಪಾಗಿ ಹೋಗುವವರಿದ್ದಾರೆ. ಇಂತಹ ಮನೆಯ ಎಂಟು ವರ್ಷದ ಬಾಲಕಿಯೊಬ್ಬಳನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ದೀಪಾವಳಿ ಕಳೆದ ಮೇಲೆ ತಂದೆತಾಯಿಯರೊಡನೆ ಹೋದವಳು ಯುಗಾದಿಗೆ ಹಿಂತಿರುಗುತ್ತಾಳೆ. ಹೋದ ಊರಿನಲ್ಲಿ ವರ್ಗಾವಣೆ ಪತ್ರವಿಲ್ಲದ ಕಾರಣಕ್ಕೆ ಶಾಲೆಗೆ ಸೇರಿಸಲಾಗದೆಂದು ತಂದೆತಾಯಿಯರೇ ತಿಳಿದುಕೊಳ್ಳುತ್ತಾರೆ. ಮರಳಿದ ನಂತರ, ಹಾಜರಿಯಿಲ್ಲದ ಮಗುವನ್ನು ಶಾಲೆಯು ಕೈಬಿಟ್ಟಿರುತ್ತದೆಂದು ಊಹಿಸಿ ಸುಮ್ಮನಾಗುತ್ತಾರೆ. ಎರಡೂ ಗ್ರಹಿಕೆಗಳು ತಪ್ಪು. ಅಧಿನಿಯಮದ 5ನೇ ಪ್ರಕರಣದ ಪ್ರಕಾರ ಮುಖ್ಯೋಪಾಧ್ಯಾಯರು ವರ್ಗಾವಣೆ ಪತ್ರವನ್ನು ಕೂಡಲೇ ನೀಡತಕ್ಕದ್ದು. ಪತ್ರ ತರುವುದು ತಡವಾಯಿತೆಂಬ ಕಾರಣಕ್ಕೆ ಪ್ರವೇಶವನ್ನು ವಿಳಂಬಿಸುವಂತಿಲ್ಲ, ನಿರಾಕರಿಸುವಂತಿಲ್ಲ. ವಯಸ್ಸಿನ ದಾಖಲೆ ಇಲ್ಲವೆಂದು ಮಗುವನ್ನು ಹಿಂದಕ್ಕೆ ಕಳುಹಿಸಲು 14ನೇ ಪ್ರಕರಣ ಅವಕಾಶ ನೀಡುವುದಿಲ್ಲ. ಶಾಲೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ಇತರ ಮಕ್ಕಳಿಗೆ ಸರಿಸಮನಾಗಲು ವಿಶೇಷ ತರಬೇತಿ ನೀಡಬೇಕೆಂದು 4ನೇ ಪ್ರಕರಣ ಹೇಳುತ್ತದೆ. ಈ ನಾಲ್ಕು ಮಾತುಗಳನ್ನು ಕುಟುಂಬ ಗಂಟುಮೂಟೆ ಕಟ್ಟುವ ಮುನ್ನವೇ ಯಾರಾದರೂ ಮುಖತಃ ತಿಳಿಸಿದ್ದರೆ ಬಾಲಕಿಯ ಒಂದು ವರ್ಷ ಉಳಿಯುತ್ತಿತ್ತು. ಕಾರ್ಮಿಕರನ್ನು ಕರೆದೊಯ್ಯಲು ವಾಹನ ಯಾವಾಗ ಬರುತ್ತದೆಂಬುದು ಊರಿಗೆಲ್ಲ ಮೊದಲೇ ತಿಳಿದಿರುತ್ತದೆ. ಶಾಲೆಗೆ ಮಾತ್ರ ತಡವಾಗಿ ತಿಳಿಯುತ್ತದೆ.

ಎಸ್‌ಡಿಎಂಸಿ ಸಭೆಯ ಸೂಚನೆಯನ್ನೂ ಹಗುರವಾಗಿ ಕಾಣುವಂತಿಲ್ಲ. ಶಾಲಾ ಸಮಿತಿಯ ಸದಸ್ಯರಲ್ಲಿ ಕನಿಷ್ಠ ನಾಲ್ಕನೇ ಮೂರು ಭಾಗ ಪಾಲಕರಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು ಎಂಬುದು 21ನೇ ಪ್ರಕರಣದ ವಿಧಿ. ಆದರೆ ನಡುಹಗಲು ಹನ್ನೊಂದು ಗಂಟೆಗೆ ಸಭೆ ಕರೆದರೆ ಕಳೆ ತೆಗೆಯಲು ಹೋದ ತಾಯಿ ಒಂದು ದಿನದ ಕೂಲಿ ಬಿಟ್ಟು ಬರಬೇಕಾಗುತ್ತದೆ. ಅವಳು ಬಾರದಿದ್ದುದನ್ನು ನಿರಾಸಕ್ತಿಯೆಂದು ನಡಾವಳಿಯಲ್ಲಿ ಬರೆಯುವುದು ಸುಲಭ, ನ್ಯಾಯವಲ್ಲ. ಸಭೆಯನ್ನು ಸಂಜೆಗೆ ಇಲ್ಲವೇ ಸಂತೆಯ ದಿನಕ್ಕೆ ಹೊಂದಿಸಿಕೊಳ್ಳುವಂತೆ ಶಾಲೆಯೊಡನೆ ಮಾತನಾಡುವುದು ಸದಸ್ಯರಿಗೆ ಸಾಧ್ಯವಿರುವ ಕೆಲಸ.

ಇನ್ನುಳಿದ ಸೂಚನೆಗಳಲ್ಲಿ ಎರಡನ್ನು ಇಲ್ಲಿ ಹೇಳಬಹುದು. ಜಂತುಹುಳು ನಿವಾರಣೆಯ ಅಲ್ಬೆಂಡಜೋಲ್ ಮಾತ್ರೆಯನ್ನು ಮಗು ಚೀಪಿ ಅಗಿದು ನುಂಗಬೇಕು. ಅಂದು ಜ್ವರವಿರುವ ಮಗುವಿಗೆ ಕೊಡುವಂತಿಲ್ಲ, ಗೈರುಹಾಜರಾದ ಮಕ್ಕಳಿಗಾಗಿಯೇ ಮತ್ತೊಂದು ದಿನವನ್ನು ನಿಗದಿಪಡಿಸಲಾಗಿರುತ್ತದೆ. ವಿದ್ಯಾರ್ಥಿವೇತನ ನಿಂತುಹೋಗುವುದು ಹಲವೊಮ್ಮೆ ಹೆಸರಿನ ಒಂದಕ್ಷರದ ವ್ಯತ್ಯಾಸದಿಂದ: ಶಾಲಾ ದಾಖಲೆ, ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್ ಮೂರರಲ್ಲಿಯೂ ಮಗುವಿನ ಹೆಸರು ಒಂದೇ ಆಗಿರಬೇಕು. ಮಗುವಿಗೆ ಐದು ವರ್ಷ ತುಂಬಿದ ಮೇಲೆ ಆಧಾರ್‌ನಲ್ಲಿ ಬೆರಳಚ್ಚನ್ನು ಸೇರಿಸಬೇಕೆಂಬುದು ಅನೇಕ ಪಾಲಕರಿಗೆ ತಿಳಿದಿಲ್ಲ.

ತಲುಪಿಸುವ ಸಾಧನಗಳಿಗೆ ಹೊಸ ಅನುದಾನವೇನೂ ಬೇಕಿಲ್ಲ. ಡಂಗುರದ ಕಾಲ ಕಳೆಯಿತೆನ್ನುವಷ್ಟರಲ್ಲಿ ಕಸ ಸಂಗ್ರಹಿಸುವ ಸ್ವಚ್ಛ ವಾಹಿನಿಯ ಧ್ವನಿವರ್ಧಕ ಬೆಳಗ್ಗೆ ಮನೆಬಾಗಿಲಿಗೇ ಬರುತ್ತಿದೆ. ಹಾಡಿನ ನಡುವೆ ಶಾಲೆಯ ಎರಡು ವಾಕ್ಯಗಳಿಗೆ ಎಡೆಯಿದೆ. ನ್ಯಾಯಬೆಲೆ ಅಂಗಡಿಯ ಸಾಲು, ಹಾಲಿನ ಡೇರಿ, ಅಂಗನವಾಡಿ, ಸ್ವಸಹಾಯ ಸಂಘದ ವಾರದ ಸಭೆ ಇವೆಲ್ಲ ತಾಯಂದಿರು ನಿಂತು ಕೇಳುವ ತಾಣಗಳು. ಸೂಚನೆ ಎಷ್ಟು ಕಿರಿದಾಗಿದ್ದರೆ ಅಷ್ಟು ಒಳ್ಳೆಯದು: ಏನು, ಎಂದು, ಎಲ್ಲಿ, ಏನು ತರಬೇಕು. ತಾಂಡಾ ಇಲ್ಲವೇ ಗಡಿಭಾಗದ ಹಳ್ಳಿಗಳಲ್ಲಿ ಮನೆಮಾತು ಬೇರೆಯಿದ್ದರೆ, ಆ ಮಾತಿನಲ್ಲಿಯೇ ಹೇಳಬಲ್ಲ ಒಬ್ಬ ತಾಯಿಯನ್ನು ಗುರುತಿಸಿಕೊಂಡಿರಬೇಕು.

ಓದಲು ಬಾರದ, ಮೊಬೈಲ್ ಇಲ್ಲದ, ವಲಸೆ ಹೋಗುವ ಮನೆಗಳ ಪಟ್ಟಿಯೊಂದನ್ನು ವಾರ್ಡುವಾರು ಸಿದ್ಧಪಡಿಸಿ ಮುಖ್ಯೋಪಾಧ್ಯಾಯರಿಗೆ ಒಂದು ಪ್ರತಿ ನೀಡಬಹುದು. ದಸರಾ ರಜೆಗೆ ಮುನ್ನ ಒಮ್ಮೆ, ಬೇಸಿಗೆ ರಜೆಗೆ ಮುನ್ನ ಇನ್ನೊಮ್ಮೆ ಅದನ್ನು ಪರಿಷ್ಕರಿಸಬೇಕು. ಆ ಪಟ್ಟಿಯನ್ನು ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸಬಾರದು. ತಮ್ಮ ಮನೆಯ ಹೆಸರನ್ನು ಅಲ್ಲಿ ಕಂಡ ತಾಯಿ ಮುಂದಿನ ಸಭೆಗೆ ಬರಲು ಹಿಂಜರಿಯುತ್ತಾಳೆ.