ಹಲ್ಲು ಕ್ಲೀನ್ ಮಾಡಲು ಡಾಕ್ಟರೇ ಬೇಕೇ?

ಪ್ರಶ್ನೆ: ಕ್ಲಿನಿಕ್ಕಿನ ಸಹಾಯಕಿಯೇ ಹಲ್ಲು ಕ್ಲೀನ್ ಮಾಡಿದರೆ ತಪ್ಪೇ? ಅವರಿಗೆ ಇನ್ನಷ್ಟು ಕೆಲಸ ವಹಿಸಿದರೆ ನಮ್ಮಂಥ ಹಳ್ಳಿಯವರಿಗೆ ಅನುಕೂಲವಲ್ಲವೇ?
– ಓದುಗರೊಬ್ಬರು, ಬೈಂದೂರು

ಉತ್ತರ: ಆಕೆ ಏನು ಓದಿದ್ದಾರೆ ಎಂಬುದು ಮುಖ್ಯ. 1948ರ ದಂತವೈದ್ಯರ ಕಾಯ್ದೆಯೇ ವೈದ್ಯರ ಜೊತೆಗೆ ಡೆಂಟಲ್ ಹೈಜೀನಿಸ್ಟ್ ಎಂಬವರನ್ನೂ ಗುರುತಿಸಿತ್ತು. ಹಲ್ಲಿಗೆ ಗಟ್ಟಿಯಾಗಿ ಅಂಟಿದ ಪಾಚಿ ಕೆರೆದು ತೆಗೆಯುವುದು, ಹೊಳಪು ಕೊಡುವುದು, ಬಾಯಿ ಶುಚಿಯಾಗಿಡಲು ಕಲಿಸುವುದು ಅವರ ಕೆಲಸ. ಅದಕ್ಕೆ ಕೋರ್ಸ್ ಮುಗಿಸಿ ರಾಜ್ಯ ದಂತ ಪರಿಷತ್ತಿನಲ್ಲಿ ನೋಂದಾಯಿಸಿರಬೇಕು. ಉಪಕರಣ ತೊಳೆದು, ಸಿಮೆಂಟ್ ಕಲಸಿಕೊಡುತ್ತ ನೋಡಿ ಕಲಿತವರು, ಎಷ್ಟೇ ಚುರುಕಾಗಿರಲಿ, ಬಾಯಿಗೆ ಕೈಹಾಕುವಂತಿಲ್ಲ.

ನಿಮ್ಮ ಎರಡನೇ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಮಣಿಪಾಲದಲ್ಲಿ 1965ರಿಂದ ದಂತ ಕಾಲೇಜಿದೆ, ಕುಂದಾಪುರ ಪೇಟೆಯಲ್ಲಿ, ಬ್ರಹ್ಮಾವರದಲ್ಲಿ ಕ್ಲಿನಿಕ್ಕುಗಳಿವೆ. ಆದರೆ ಅಮಾಸೆಬೈಲು, ಕೊಲ್ಲೂರು ಕಡೆಯ ಕೂಲಿಯವರು ಹಲ್ಲುನೋವಿಗೆಂದು ಒಂದು ದಿನದ ಸಂಬಳ ಬಿಟ್ಟು ಬಸ್ಸು ಹತ್ತುವುದಿಲ್ಲ. ಲವಂಗ ಒತ್ತಿಕೊಂಡು, ಮೆಡಿಕಲ್ಲಿನ ಮಾತ್ರೆ ನುಂಗಿ ದಿನ ದೂಡುತ್ತಾರೆ. ಕೆನ್ನೆ ಬಾತ ಮೇಲೆ ಹೋದರೆ ಹಲ್ಲು ಉಳಿಸುವ ಕಾಲ ಹೆಚ್ಚಾಗಿ ಮೀರಿರುತ್ತದೆ.

ನ್ಯೂಜಿಲೆಂಡಿನಲ್ಲಿ 1921ರಲ್ಲೇ ಯುವತಿಯರಿಗೆ ತರಬೇತಿ ಕೊಟ್ಟು, ಶಾಲಾಮಕ್ಕಳ ಹಲ್ಲು ನೋಡಿಕೊಳ್ಳುವ ದಂತ ನರ್ಸುಗಳನ್ನಾಗಿ ಮಾಡಲು ಶುರುಮಾಡಿದರು. ನಮಗೆ ಇನ್ನೂ ಹತ್ತಿರವಾದದ್ದು ತಾಂಜಾನಿಯಾದಲ್ಲಿ 1980ರ ದಶಕದಲ್ಲಿ ರೂಪುಗೊಂಡ ವಿಧಾನ: ಹುಳುಕನ್ನು ಕೈ ಉಪಕರಣದಿಂದಲೇ ಕೆರೆದು, ಫ್ಲೋರೈಡ್ ಬಿಡುವ ಗ್ಲಾಸ್ ಅಯೊನೊಮರ್ ಸಿಮೆಂಟ್ ತುಂಬುವುದು. ಡ್ರಿಲ್ ಬೇಡ, ಕರೆಂಟೂ ಬೇಡ. ಸಣ್ಣ ಹುಳುಕಿಗೆ ಇದು ಸಾಕಾಗುತ್ತದೆ. ಶಾಲೆಯ ಜಗಲಿಯಲ್ಲೇ ಮಾಡಬಹುದು.

ಇಂಥ ಕೆಲಸ, ಜೊತೆಗೆ ಮಕ್ಕಳ ಹಲ್ಲಿಗೆ ಫ್ಲೋರೈಡ್ ವಾರ್ನಿಷ್ ಹಚ್ಚುವುದನ್ನು ತರಬೇತಾದ ಸಹಾಯಕಿಯರಿಗೆ ಕಾನೂನುಬದ್ಧವಾಗಿಯೇ ವಹಿಸಬೇಕು. ಗಂಗೊಳ್ಳಿಯಂಥ ಬಂದರಿನಲ್ಲಿ ಎಲೆ-ಅಡಿಕೆ, ಹೊಗೆಸೊಪ್ಪು ಹಾಕುವವರ ಬಾಯಿ ನೋಡಿ, ಬಿಳಿ ಮಚ್ಚೆಯೋ ಎರಡು ವಾರಕ್ಕೂ ಮಾಯದ ಹುಣ್ಣೋ ಕಂಡರೆ ಡಾಕ್ಟರ ಬಳಿಗೆ ಕಳಿಸುವುದನ್ನೂ ಅವರಿಗೆ ಕಲಿಸಬಹುದು. ಬಾಯಿ ಕ್ಯಾನ್ಸರನ್ನು ಮೊದಲೇ ಹಿಡಿದರೆ ಜೀವ ಉಳಿಯುವ ಸಾಧ್ಯತೆ ಬಹಳ ಹೆಚ್ಚು.

ಹಲ್ಲು ಕೀಳುವುದು, ಬೇರಿನ ಚಿಕಿತ್ಸೆ ಮಾತ್ರ ಡಾಕ್ಟರ ಕೈಯಲ್ಲೇ ಇರಲಿ. ಶುಗರ್ ಇದ್ದವರಿಗೆ, ರಕ್ತ ತೆಳುವಾಗುವ ಮಾತ್ರೆ ನುಂಗುವವರಿಗೆ ಹಲ್ಲು ಕೀಳುವುದೂ ಸಣ್ಣ ಕೆಲಸವಲ್ಲ.

ಮುಂದಿನ ಸಲ ಕ್ಲೀನಿಂಗಿಗೆ ಹೋದಾಗ, ಮಾಡುವವರು ನೋಂದಾಯಿತ ಹೈಜೀನಿಸ್ಟೇ ಎಂದು ಕೇಳಿ. ಸಂಕೋಚ ಬೇಡ, ಅದು ನಿಮ್ಮ ಹಕ್ಕು.